ಹಸಿರು ಕಾರ್ಡ್ ಸಾಲದು, ಕೆಲಸಗಾರರಿಗೆ ಬೆಂಬಲ ಬೇಕು

ಈಗ ಅನೇಕ ಹೋಟೆಲ್‌ಗಳ ರೂಮುಗಳಲ್ಲಿ ಒಂದು ಪುಟ್ಟ ಕಾರ್ಡ್ ಇಟ್ಟಿರುತ್ತಾರೆ. ಪರಿಸರ ಉಳಿಸಲು ಟವೆಲನ್ನು ಮತ್ತೊಮ್ಮೆ ಬಳಸಿ, ಬಳಸುವುದಾದರೆ ಕೊಕ್ಕೆಗೆ ತೂಗುಹಾಕಿ ಎಂಬುದು ಅದರ ವಿನಂತಿ. ಅತಿಥಿ ತೂಗುಹಾಕುತ್ತಾನೆ. ಆದರೆ ಆ ಟವೆಲ್ ಅಲ್ಲೇ ಉಳಿಯುತ್ತದೋ, ಒಗೆಯಲು ಹೋಗುತ್ತದೋ ಎಂಬುದು ರೂಮ್ ಸ್ವಚ್ಛ ಮಾಡುವ ಹುಡುಗನ ಕೈಯಲ್ಲಿದೆ. 'ಹಳೆಯ ಟವೆಲ್ ಯಾಕೆ ಬಿಟ್ಟೆ?' ಎಂದು ಸೂಪರ್‌ವೈಸರ್ ಒಮ್ಮೆ ಗದರಿಸಿದರೆ ಸಾಕು, ಮರುದಿನದಿಂದ ಅವನು ಎಲ್ಲವನ್ನೂ ಒಗೆಯಲು ಕಳಿಸುತ್ತಾನೆ. ಅಮೆರಿಕದ ಪರಿಸರವಾದಿ ಜೇ ವೆಸ್ಟರ್‌ವೆಲ್ಡ್ 1986ರಲ್ಲಿ 'ಗ್ರೀನ್‌ವಾಶಿಂಗ್' ಎಂಬ ಪದವನ್ನು ಬಳಸಿದ್ದು ಹೋಟೆಲಿನ ಇಂಥದ್ದೇ ಟವೆಲ್ ಕಾರ್ಡನ್ನು ಕುರಿತು. ಹೊರಗೆ ಹಸಿರು ಬಣ್ಣ, ಒಳಗೆ ಹಳೆಯದೇ ಪದ್ಧತಿ ಎಂಬುದು ಅದರ ಅರ್ಥ.

ಹೋಟೆಲ್ ಕೆಲಸಗಾರರಿಗೆ ಪರಿಸರ ಪ್ರಜ್ಞೆ ಇಲ್ಲ ಎಂದು ದೂರುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಅವರಿಗೆ ಉಪದೇಶಕ್ಕಿಂತ ಹೆಚ್ಚು ಬೇಕಿರುವುದು ಸಮಯ, ಸಲಕರಣೆ ಮತ್ತು ಮಾಲೀಕರ ಬೆಂಬಲ.

ಇದು ನಮಗೆ ದೂರದ ವಿಷಯವೇನಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅಣ್ಣಂದಿರು, ಮಾವಂದಿರು ಊರಿನ ಹೋಟೆಲುಗಳಲ್ಲಿ, ಕೊಡಗಿನ ಹೋಂಸ್ಟೇಗಳಲ್ಲಿ, ದುಬೈ, ದೋಹಾಗಳಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ನಮ್ಮಲ್ಲೇ ಹಲವರು ರಜಾ ದಿನಗಳಲ್ಲಿ ಮದುವೆ ಹಾಲ್‌ಗಳಿಗೆ ಕ್ಯಾಟರಿಂಗ್ ಕೆಲಸಕ್ಕೆ ಹೋಗಿ ಬಸ್ ಖರ್ಚು ಸಂಪಾದಿಸುತ್ತಾರೆ. ಅಲ್ಲಿ ಏನಾಗುತ್ತದೆಂದು ಹೋದವರಿಗೆ ಗೊತ್ತು. ಮೊದಲ ಪಂಕ್ತಿ ಏಳುವ ಮುಂಚೆಯೇ ಎರಡನೆಯವರು ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ. ಟೇಬಲ್ ಖಾಲಿ ಮಾಡಲು ಸಿಗುವುದು ಕೆಲವೇ ನಿಮಿಷ. ಆಗ ಮೂಳೆ, ಅನ್ನ, ಟಿಶ್ಯೂ, ಅರ್ಧ ಕುಡಿದ ನೀರಿನ ಬಾಟಲಿ ಎಲ್ಲವನ್ನೂ ಟೇಬಲ್ ಪೇಪರಿನಲ್ಲೇ ಸುತ್ತಿ ಇರುವ ಒಂದೇ ಡ್ರಮ್ಮಿಗೆ ಎಸೆಯಬೇಕು. ಹಸಿ ಕಸ, ಒಣ ಕಸ ಬೇರ್ಪಡಿಸಬೇಕೆಂದು ಪರೀಕ್ಷೆಯಲ್ಲಿ ಬರೆದ ಹುಡುಗನೇ ಇಲ್ಲಿ ಎರಡನ್ನೂ ಬೆರೆಸುತ್ತಾನೆ. ಅವನ ತಿಳಿವಳಿಕೆಯಲ್ಲಿ ಕೊರತೆ ಇಲ್ಲ. ಅಲ್ಲಿ ಇಲ್ಲದಿರುವುದು ಎರಡನೇ ಡ್ರಮ್ಮು ಮತ್ತು ಐದು ನಿಮಿಷದ ಬಿಡುವು.

ಕಾನೂನಿಗೇನೂ ಕೊರತೆ ಇಲ್ಲ. ಹೋಟೆಲ್‌ಗಳು ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ. ಆದರೆ ಆ ಪಟ್ಟಿಯಲ್ಲಿ ನೀರಿನ ಬಾಟಲಿ ಇಲ್ಲ. ಹೀಗಾಗಿ ಮದುವೆ ಹಾಲ್‌ಗಳಲ್ಲಿ ಪುಟ್ಟ ಬಾಟಲಿಗಳ ರಾಶಿ ಬೀಳುತ್ತಲೇ ಇದೆ. ಊಟದ ಲೆಕ್ಕವೂ ಚಿಕ್ಕದಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 28ರಷ್ಟು ಹೋಟೆಲ್, ಕ್ಯಾಟರಿಂಗ್‌ನಂಥ ಆಹಾರ ಸೇವೆಯದ್ದು.

ವ್ಯವಸ್ಥೆ ಇದ್ದರೆ ಬದಲಾವಣೆ ಸಾಧ್ಯ ಎಂಬುದಕ್ಕೆ ನಮ್ಮ ಕಡಲತೀರವೇ ಸಾಕ್ಷಿ. ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚ್‌ಗಳಿಗೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕಿತು. ಅದಕ್ಕೆ ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ ಸೇರಿ 33 ಮಾನದಂಡಗಳಿವೆ. ಒಮ್ಮೆ ಸಿಕ್ಕಿತೆಂದು ಸುಮ್ಮನಿರುವಂತಿಲ್ಲ, ಪ್ರತಿ ವರ್ಷ ಮತ್ತೆ ಅರ್ಹತೆ ತೋರಿಸಬೇಕು. ಅಲ್ಲಿ ಕಸ ಹೆಕ್ಕುವುದು, ವಿಂಗಡಿಸುವುದು ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ, ದಿನದ ಕೆಲಸದ ಭಾಗ.

ಇದಕ್ಕೆಲ್ಲ ಖರ್ಚು ಯಾರು ಕೊಡುತ್ತಾರೆ ಎಂದು ಮಾಲೀಕರು ಕೇಳಬಹುದು. ಎಸಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಕೇಂದ್ರ ಇಂಧನ ಸಚಿವಾಲಯವೇ ಹೇಳಿದೆ. ಖಾಲಿ ರೂಮಿನ ಎಸಿ ಆರಿಸುವವನು, ಉಳಿಯುವ ಅನ್ನವನ್ನು ನೋಡಿ 'ಮುಂದಿನ ಸಲ ಇಷ್ಟು ಅಕ್ಕಿ ಬೇಡ' ಎಂದು ಹೇಳಬಲ್ಲವನು ಮಾಲೀಕರ ಹಣವನ್ನೇ ಉಳಿಸುತ್ತಿದ್ದಾನೆ. ಅವನ ಮಾತನ್ನು ಕೇಳುವ ಅಭ್ಯಾಸ ಬೆಳೆಯಬೇಕು. ಉಳಿದ ಹಣದಲ್ಲಿ ಒಂದು ಪಾಲು ಅವನಿಗೂ ಸಿಗಬೇಕು. ಹಾಗೆಂದು ಕೆಲಸಗಾರನ ಹೊಣೆ ಇಲ್ಲವೆಂದಲ್ಲ. ಸೋರುವ ನಲ್ಲಿ ನಿಲ್ಲಿಸಲು, ಸ್ವಿಚ್ ಆರಿಸಲು, ತಟ್ಟೆಗೆ ಕೇಳಿ ಬಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಸ್ನೇಹಿತರೇ, ನಾಳೆ ನಮ್ಮಲ್ಲಿ ಕೆಲವರು ಹೋಟೆಲ್‌ಗಳಲ್ಲಿ ದುಡಿಯುತ್ತೇವೆ, ಕೆಲವರು ಮಾಲೀಕರೂ ಆಗಬಹುದು. ಅಭ್ಯಾಸವನ್ನು ಇಲ್ಲಿಂದಲೇ ಆರಂಭಿಸೋಣ. ಕಾಲೇಜಿನ ವಾರ್ಷಿಕೋತ್ಸವದ ಊಟಕ್ಕೆ ಕ್ಯಾಟರಿಂಗ್‌ನವರೊಂದಿಗೆ ಮಾತನಾಡುವಾಗ ಮೂರು ಷರತ್ತು ಇಡಬೇಕೆಂದು ವಿದ್ಯಾರ್ಥಿ ಸಂಘವನ್ನೂ ಉಪನ್ಯಾಸಕರನ್ನೂ ಕೇಳಿಕೊಳ್ಳುತ್ತೇನೆ: ಬಾಟಲಿ ಬದಲು ಜಗ್ಗು ಮತ್ತು ಸ್ಟೀಲ್ ಲೋಟ, ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ಡ್ರಮ್ಮು, ಎರಡು ಪಂಕ್ತಿಗಳ ನಡುವೆ ಹತ್ತು ನಿಮಿಷದ ಬಿಡುವು. ಆ ಹತ್ತು ನಿಮಿಷ ಕಾಯುವ ತಾಳ್ಮೆ ಮಾತ್ರ ಊಟಕ್ಕೆ ನಿಂತ ನಮ್ಮದಾಗಿರಬೇಕು.