ನೆಲದ ಹೆಸರು

ಹೋದ ಬೇಸಗೆಯಲ್ಲಿ ಗೌನಿಪಲ್ಲಿಯ ಮಿತ್ರರೊಬ್ಬರ ಮನೆಗೆ ಹೋಗಿದ್ದೆವು. ಊಟವಾದ ಬಳಿಕ ಮನೆಯ ಹಿರಿಯ ತಾಯಿಯವರು ಎರಡು ತಟ್ಟೆಗಳಲ್ಲಿ ಬಾದಾಮಿ ಮಾವಿನ ಹೋಳುಗಳನ್ನು ತಂದಿಟ್ಟರು. ಒಂದರಲ್ಲಿ ಪರಿಮಳವೂ ಸಿಹಿಯೂ ಹೆಚ್ಚು; ಇನ್ನೊಂದು ರಸಭರಿತವಾದರೂ ಸಪ್ಪೆ. ಜಾತಿ ಬೇರೆಯೆ ಎಂದು ಕೇಳಿದೆವು. “ಒಂದೇ ಮರದ ಕಸಿ ಕಣಪ್ಪಾ. ಇದು ದಿನ್ನೆಯ ಕೆಂಪು ಮಣ್ಣಿನದು, ಅದು ಕೆರೆಯ ಕೆಳಗಿನದು. ಕಸಿ ಒಂದಾದರೆ ನೆಲವೂ ಒಂದಾದೀತೆ?” ಎಂದರು.

ಈ ಮಾತನ್ನೇ ಫ್ರಾನ್ಸ್ ದೇಶದವರು ಒಂದು ಶಾಸ್ತ್ರವನ್ನಾಗಿ ಬೆಳೆಸಿದ್ದಾರೆ. ಅಲ್ಲಿನ ಬರ್ಗಂಡಿ ಪ್ರಾಂತದಲ್ಲಿ ರೊಮಾನೆ-ಕೋಂತಿ ಎಂಬ ದ್ರಾಕ್ಷಿಯ ತೋಟವೊಂದಿದೆ. ಅದರ ವಿಸ್ತೀರ್ಣ ೧.೮ ಹೆಕ್ಟೇರು, ಎಂದರೆ ಸುಮಾರು ನಾಲ್ಕೂವರೆ ಎಕರೆ ಮಾತ್ರ. ಪೂರ್ವಕ್ಕೆ ವಾಲಿದ ಇಳಿಜಾರು, ಸುಣ್ಣಕಲ್ಲು ಬೆರೆತ ಜೇಡಿಮಣ್ಣು. ನೀರು ನಿಲ್ಲದೆ ಬಸಿದುಹೋಗುವುದರಿಂದ ಹಣ್ಣಿನ ರಸ ಸಾಂದ್ರವಾಗುತ್ತದೆ. ಪಕ್ಕದ ತೋಟಗಳಲ್ಲಿಯೂ ಅದೇ ಪಿನೋ ನ್ವಾರ್ ಬಳ್ಳಿಯೇ. ಆದರೂ ಅವುಗಳ ಕೆಂಪು ದ್ರಾಕ್ಷಾಮದ್ಯಕ್ಕೆ ಬೇರೆ ಹೆಸರು, ಬೇರೆ ಬೆಲೆ. ಒಂದು ನೆಲದ ಹೆಸರನ್ನು ಮತ್ತೊಂದು ನೆಲದ ಮದ್ಯಕ್ಕೆ ಇಡಕೂಡದೆಂದು ೧೯೩೫ರಲ್ಲಿ ಅಲ್ಲಿ ಕಾನೂನೇ ಆಯಿತು. ಮದ್ಯವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ರೈತನ ನೆಲಕ್ಕೆ ಸಂದ ಮರ್ಯಾದೆಯನ್ನು ತೋರಿಸುವುದಷ್ಟೆ.

ನಮ್ಮಲ್ಲಿಯೂ ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಕಡೆ ಫ್ರಾನ್ಸಿನ ಬಳ್ಳಿಗಳನ್ನು ತಂದು ನೆಟ್ಟಿದ್ದಾರೆ. ಹಿಮಗಾಲದಲ್ಲಿ ನಿದ್ರಿಸುತ್ತಿದ್ದ ಬಳ್ಳಿಗೆ ಇಲ್ಲಿ ನಿದ್ರೆಯೇ ಇಲ್ಲ. ವರ್ಷಕ್ಕೆ ಎರಡು ಬಾರಿ ಸವರಿ ಒಂದು ಬೆಳೆ ಕೊಯ್ಯಬೇಕು. ಬಳ್ಳಿಯನ್ನು ಹೊತ್ತು ತರಬಹುದು, ನೆಲವನ್ನು ತರಲಾಗದು.

ಹಾಗಾದರೆ ಶ್ರೀನಿವಾಸಪುರದ ಸೀಮೆಯ ನೆಲಕ್ಕೆ ಆ ಮರ್ಯಾದೆ ಏಕಿಲ್ಲ? ಇಲ್ಲಿನ ತೋತಾಪುರಿ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ನೂರು ಊರಿನ ಹಣ್ಣು ಒಂದರಲ್ಲೊಂದು ಕಲೆತು, ಊರಿನ ಹೆಸರು ಅಳಿದು ತೂಕವೊಂದೇ ಉಳಿಯುತ್ತದೆ. ೨೦೨೫ರ ಜೂನ್ ತಿಂಗಳಲ್ಲಿ ನೆರೆಯ ಚಿತ್ತೂರು ಜಿಲ್ಲೆಯ ಅಧಿಕಾರಿಗಳು ಹೊರರಾಜ್ಯದ ತೋತಾಪುರಿಯನ್ನು ತಡೆದಾಗ ನಮ್ಮ ಬೆಳೆಗಾರರು ಕಂಗಾಲಾದರು. ಮಣ್ಣು ಗಡಿಯ ಎರಡೂ ಕಡೆ ಹಬ್ಬಿದೆ. ಹಣ್ಣಿಗೆ ಮಾತ್ರ ಗಡಿ ಅಡ್ಡ ಬಂದಿತು. ಊರಿನ ಹೆಸರು ಹಿಡಿದು ಬೇಡುವ ಕೊಳ್ಳುವವರಿದ್ದಿದ್ದರೆ ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆದೀತು.

ಇದಕ್ಕೆ ಮದ್ದು ಕೊಂಚಮಟ್ಟಿಗೆ ನಮ್ಮ ಗೃಹಿಣಿಯರ ಕೈಯಲ್ಲಿದೆ. ಮುಂದಿನ ಬಾರಿ ಮಾವು ಕೊಳ್ಳುವಾಗ ಬೆಲೆಗಿಂತ ಮೊದಲು “ಇದು ಯಾವ ಊರಿನದು?” ಎಂದು ಕೇಳಿರಿ. ಕೇಳುವವರಿದ್ದರೆ ಮಾರುವವನು ಊರನ್ನು ನೆನಪಿಟ್ಟಾನು. ಊರು ನೆನಪಿನಲ್ಲಿದ್ದರೆ ಬೆಳೆದವನಿಗೂ ಒಂದು ಹೆಸರು ಉಳಿದೀತು.