ಸಮುದ್ರದ ದಂಡೆಗೂ ಒಲೆ ಹೊತ್ತು ಹೋಗಬೇಕೆ?



ಈ ಸಲ ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವಳು ಆಳಂದ ತಾಲ್ಲೂಕಿನ ಮಟಕಿ ಊರಿನ ಸೊಸೆ. ಹೆಸರು ಹಾಕಬೇಡಿ ಎಂದಿದ್ದಾಳೆ, ಹಾಕುವುದಿಲ್ಲ. ಅವಳ ಮಾತಿನಲ್ಲೇ ಸ್ವಲ್ಪ ಕೇಳಿ:

"ಅಕ್ಕಾರೆ, ತೊಗರಿ ರಾಶಿ ಮುಗದ ಮ್ಯಾಲ ಎಲ್ಲಾರೂ ಕೂಡಿ ಸಮುದ್ರ ನೋಡ್ಲಾಕ ಹೋಗಮು ಅಂತ ನಮ್ಮ ಮನ್ಯಾಗ ಮಾತಾಗ್ಯಾದ. ನಮ್ಮ ಮೈದುನಂದು ಕ್ರೂಸರ್ ಗಾಡಿ ಅದ. ಹಿಂದಿನ ಸೀಟು ಬಿಚ್ಚಿ ಗಾದಿ ಹಾಸೂದು, ಗ್ಯಾಸು, ಬೋಗಾಣಿ, ಹಿಟ್ಟು, ಕೌದಿ ಎಲ್ಲಾ ಕಟಗೊಂಡು ಹೋಗೂದು, ಎಲ್ಲಿ ಚಲೋ ಕಾಣ್ತದೋ ಅಲ್ಲೇ ಅಡಗಿ, ಅಲ್ಲೇ ನಿದ್ದಿ, ಲಾಡ್ಜಿನ ರೊಕ್ಕ ಉಳೀತದ ಅಂತಾರ. ಸಣ್ಣವರು ದೊಡ್ಡವರು ಕೂಡಿ ಒಂಬತ್ತು ಮಂದಿ. ನಮ್ಮ ಅತ್ತಿಯವರು ಸಮುದ್ರ ನೋಡಿಲ್ಲ, ನಾನೂ ನೋಡಿಲ್ಲ. ಆದ್ರ ಮನ್ಯಾಗ ಮಾಡೂ ಅಡಗೀನೇ ಅಲ್ಲಿ ಉಸುಕಿನ್ಯಾಗ ಕುಂತು ಮಾಡೂದಾದ್ರ ನಾ ಸಮುದ್ರ ಯಾವಾಗ ನೋಡ್ಲಿ? ಇದನ್ನ ಅವರ ಮುಂದ ಹ್ಯಾಂಗ ಹೇಳ್ಲಿ?"

ತಂಗೀ, ಮೊದಲು ಹೇಳಿಬಿಡುತ್ತೇನೆ: ಹೋಗು. ಬಿಡಬೇಡ.

ಗಾಡಿಯಲ್ಲೇ ಸಂಸಾರ ಕಟ್ಟಿಕೊಂಡು ಹೋಗುವುದು ನಮ್ಮ ಸೀಮೆಗೆ ಹೊಸದೇನಲ್ಲ. ವಿದೇಶದಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಇರುವ ವ್ಯಾನುಗಳಿವೆ. ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನು 1950ರಲ್ಲಿ ಬಂದದ್ದೇ ತಡ, ಮರುವರ್ಷವೇ ಅದರೊಳಗೆ ಮಲಗುವ ಏರ್ಪಾಡು ಮಾಡಿ ಮಾರತೊಡಗಿದರು. ಆದರೆ ನಮ್ಮ ಅಜ್ಜಿಯಂದಿರು ಕಮಾನು ಕಟ್ಟಿದ ಬಂಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ, ಮಕ್ಕಳನ್ನು ಕೂಡಿಸಿಕೊಂಡು ಗಾಣಗಾಪುರಕ್ಕೆ ಹೋಗುತ್ತಿರಲಿಲ್ಲವೆ? ಭೀಮಾ-ಅಮರಜಾ ಸಂಗಮದಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಬಂಡಿಯ ಕೆಳಗೇ ಮಲಗುತ್ತಿದ್ದರು. ಎಳ್ಳಮಾವಾಸ್ಯೆಗೆ ಈಗಲೂ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತೇವೆ. ಆದರೆ ಆ ದಿನದ ಒಂದು ಗುಟ್ಟು ನೆನಪಿಡು. ಸಜ್ಜಿ ರೊಟ್ಟಿ, ಭಜ್ಜಿ ಪಲ್ಲೆ, ಕಡಬು ಎಲ್ಲ ಮನೆಯಲ್ಲೇ ಆಗಿರುತ್ತದೆ. ಹೊಲದಲ್ಲಿ ಹೆಂಗಸರು ಒಲೆ ಹಚ್ಚುವುದಿಲ್ಲ, ಎಲ್ಲರ ಜೊತೆಗೇ ಕುಂತು ಉಣ್ಣುತ್ತಾರೆ. ಸಮುದ್ರಕ್ಕೂ ಹಾಗೇ ಹೋಗಬೇಕು.

ಇದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾದದ್ದು. ನಾವೂ ಒಮ್ಮೆ ಹೀಗೇ ಗಾಡಿ ಕಟ್ಟಿಕೊಂಡು ಗೋಕರ್ಣದ ಕಡೆ ಹೋಗಿದ್ದೆವು. ಮೊದಲ ದಿನ ಸಂಜೆ ಗಂಡಸರು ಮಕ್ಕಳನ್ನು ಕರೆದುಕೊಂಡು ನೀರಿಗೆ ಇಳಿದರು. ನಾನೂ ನೆಗೆಣ್ಣಿಯೂ ಗಾಡಿಯ ಮರೆಯಲ್ಲಿ ಸ್ಟೋವಿನ ಮುಂದೆ ಕುಂತೆವು. ಕಡಲ ಗಾಳಿಗೆ ಉರಿ ನಿಲ್ಲಲೊಲ್ಲದು. ಸೆರಗಿನಿಂದ ಮರೆಮಾಡಿದರೆ ಸೆರಗಿಗೇ ಬೆಂಕಿಯ ಭಯ. ನಾದಿದ ಹಿಟ್ಟಿನಲ್ಲೆಲ್ಲ ಉಸುಕು. ಅಷ್ಟರಲ್ಲಿ ಮಗಳು ಓಡಿ ಬಂದು "ಅವ್ವಾ, ಸೂರ್ಯ ನೀರಾಗ ಮುಳಗ್ತು!" ಎಂದಳು. ತಿರುಗಿ ನೋಡಿದೆ, ಬರೀ ಕೆಂಪು ಉಳಿದಿತ್ತು. "ನಾಳಿನೂ ಮುಳಗ್ತದ ಬಿಡು" ಎಂದು ನಮ್ಮವರು ನಕ್ಕರು. ಮರುದಿನ ಬೆಳಿಗ್ಗೆಯೇ ನಮ್ಮ ಗಾಡಿ ಇಡಗುಂಜಿಗೆ, ಅಲ್ಲಿಂದ ಹಾಗೇ ಊರಿಗೆ. ಐದುನೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ನಾನು ನೋಡಿದ್ದು ಸ್ಟೋವಿನ ಉರಿಯನ್ನು. ಜಗಳವಾಡಲಿಲ್ಲ. ಆದರೆ ಮರೆಯಲೂ ಇಲ್ಲ, ನೋಡಿ!

ಹೇಗೆ ಹೇಳಲಿ ಎಂದು ಕೇಳಿದ್ದೀಯಲ್ಲ, ಗಂಡನ ಮುಂದೆ ಹೇಳುವುದಕ್ಕಿಂತ ಮೊದಲು ಅತ್ತೆಯವರ ಹತ್ತಿರ ಹೇಳು. ಅವರೂ ಸಮುದ್ರ ನೋಡಿಲ್ಲವೆಂದು ನೀನೇ ಬರೆದಿದ್ದೀ. ಸೊಸೆ ಅಡುಗೆ ಮಾಡುತ್ತಿದ್ದರೆ ಅತ್ತೆಯೂ ಉಳ್ಳಾಗಡ್ಡಿ ಬಿಡಿಸುತ್ತಾ ಅಲ್ಲೇ ಕೂಡಬೇಕಾಗುತ್ತದೆ. "ಅತ್ತೀ, ಹೊತ್ತು ಮುಳುಗೂದು ನಾವಿಬ್ಬರೂ ಕೂಡಿ ನೋಡಮು, ಸಂಜೀಕ ಒಲಿ ಬ್ಯಾಡ" ಎನ್ನು. ಎರಡನೆಯ ಸಲ ನಾನು ಹೀಗೇ ಮಾಡಿದೆ. ನಮ್ಮ ಅತ್ತೆಯವರು ಗಂಡುಮಕ್ಕಳನ್ನು ಕರೆದು, "ಅಲ್ಲಿ ಸಂಜೀಕ ರೊಟ್ಟಿ ಚಟ್ನಿ ಅಷ್ಟೇ. ಬಿಸಿ ಬೇಕಾದವರು ಹೋಟೆಲಿಗೆ ಹೋಗ್ರಿ" ಎಂದುಬಿಟ್ಟರು. ಅವರ ಮಾತಿಗೆ ಎದುರಾಡುವವರು ಯಾರು? ಜನವರಿಯಲ್ಲಿ ಆ ಕಡೆ ಸೂರ್ಯ ಮುಳುಗುವುದು ಆರೂಕಾಲರಿಂದ ಆರೂವರೆಯೊಳಗೆ. ಆ ಒಂದು ತಾಸು ನಿಮ್ಮಿಬ್ಬರದು ಎಂದು ಹೊರಡುವ ಮೊದಲೇ ಗೊತ್ತು ಮಾಡಿಕೊ. ಬೆಳಗಿನ ಚಹಾ ಗಂಡಸರ ಕೆಲಸ. ಚಹಾ ಕೆಟ್ಟರೂ ಕುಡಿಯಿರಿ.

ಇನ್ನು ಅವರ ಯೋಜನೆಯಲ್ಲಿ ನನಗೆ ಒಪ್ಪಿಗೆಯಾಗದ ಎರಡು ಮಾತು. ಸೀಟು ಬಿಚ್ಚಬೇಡಿ. ಓಡುವ ಗಾಡಿಯಲ್ಲಿ ಗಾದಿಯ ಮೇಲೆ ಕುಂತ ಮಕ್ಕಳು ಜೋರಾಗಿ ಬ್ರೇಕು ಹಾಕಿದರೆ ಎಲ್ಲಿ ಹೋಗಿ ಬೀಳುತ್ತಾರೋ. ಗಾದಿ ಮೇಲೆ ಕಟ್ಟಿ, ರಾತ್ರಿ ಇಳಿಸಿ. ಎರಡನೆಯದು ಗ್ಯಾಸು. ಜನ ತುಂಬಿದ ಗಾಡಿಯಲ್ಲಿ ಸಿಲಿಂಡರು ಬೇಡವೇ ಬೇಡ. 2023ರ ಆಗಸ್ಟಿನಲ್ಲಿ ಮದುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಂದರಲ್ಲಿ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಅವರೂ ಚಹಾ-ತಿಂಡಿಗೆಂದೇ ಕದ್ದು ಒಯ್ದಿದ್ದರು. ದಾರಿಯಲ್ಲಿ ಪುಳ್ಳೆ ಆರಿಸಿ ಮೂರು ಕಲ್ಲಿನ ಒಲೆ ಹೂಡುವುದು ನಮಗೆ ಬಾರದ್ದೇನಲ್ಲ. ಅದನ್ನೂ ಗಾಡಿಯಿಂದ ದೂರ ಹೂಡಿ. ರಾತ್ರಿ ಸೆಕೆಯೆಂದು ಗಾಜು ಏರಿಸಿ, ಇಂಜಿನ್ ಚಾಲೂ ಇಟ್ಟು, ಎ.ಸಿ. ಹಾಕಿ ಮಲಗಬೇಡಿ. ಹೊಗೆಯ ವಿಷಗಾಳಿ ಒಳಗೆ ಸೇರಿದರೆ ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಎಚ್ಚರವೂ ಆಗುವುದಿಲ್ಲ.

ದಾರಿ ಸುಲಭ. ಜೇವರ್ಗಿ, ಸಿಂದಗಿ, ವಿಜಯಪುರ, ಅಲ್ಲಿಂದ ನೇರ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಕೊಲ್ಹಾರದಲ್ಲಿ ಕೃಷ್ಣೆ ದಾಟುವಾಗ ಗಡಿಗೆ ಮೊಸರು ಕೊಳ್ಳುವುದನ್ನು ಮರೆಯಬೇಡ, ರೊಟ್ಟಿಗೆ ಜೊತೆಯಾಯಿತು. ಒಂದೇ ಓಟಕ್ಕೆ ಹೋಗದೆ ಹುಬ್ಬಳ್ಳಿಯಲ್ಲಿ ತಂಗಿ. ಸಿದ್ಧಾರೂಢರ ಮಠದಲ್ಲಿ ಪ್ರಸಾದವೂ ಆದೀತು. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಇಳಿಯಬೇಕು. ಬಯಲುಸೀಮೆಯ ಮಕ್ಕಳಿಗೆ ಆ ತಿರುವುಗಳಲ್ಲಿ ವಾಂತಿ ಗ್ಯಾರಂಟಿ. ಹೊಟ್ಟೆತುಂಬ ಉಣಿಸದೆ ಲಿಂಬೆಹಣ್ಣು ಕೈಯಲ್ಲಿ ಕೊಡು.

ಮಳೆಗಾಲದಲ್ಲಿ ಮಾತ್ರ ಈ ಪ್ರವಾಸ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿಯಿತು. ರಸ್ತೆ ಪಕ್ಕದ ಚಹಾದಂಗಡಿಯ ಸಂಸಾರ, ಅಲ್ಲಿ ಗಾಡಿ ನಿಲ್ಲಿಸಿದ್ದವರು ಮಣ್ಣಿನಡಿ ಹೋದರು. ಒಳ್ಳೆಯ ದಿನಗಳಲ್ಲೂ ಕಡಿದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ ಮಲಗುವುದು ಸಲ್ಲ. ತೆಂಗಿನ ಮರದ ಕೆಳಗೂ ಹಾಸಿಗೆ ಬೇಡ, ಕಾಯಿ ಯಾವಾಗ ಬೀಳುತ್ತದೆಂದು ಹೇಳಿ ಬೀಳುವುದಿಲ್ಲ!

"ಎಲ್ಲಿ ಚಲೋ ಕಾಣ್ತದೋ ಅಲ್ಲೇ ನಿದ್ದಿ" ಎನ್ನುತ್ತಾರಲ್ಲ, ಅವರು ಗಂಡಸರು, ಅವರಿಗೆ ನಡೆಯುತ್ತದೆ. ನಸುಕಿನಲ್ಲಿ ಚರಿಗೆ ಹಿಡಿದು ಮರೆ ಹುಡುಕುವ ಪಾಡು ನಮ್ಮದು. ಅದಕ್ಕೆ ದೇವಸ್ಥಾನದ ಛತ್ರದ ಅಂಗಳವೋ, ಪೆಟ್ರೋಲ್ ಬಂಕೋ, ಶೌಚಾಲಯ ಇದ್ದಲ್ಲೇ ರಾತ್ರಿ ಗಾಡಿ ನಿಲ್ಲಿಸಿ, ಕೇಳಿಕೊಂಡು ನಿಲ್ಲಿಸಿ. ಬರೀ ದಂಡೆಯಲ್ಲೇ ಮಲಗುವ ಹಟವಿದ್ದರೆ ಮೊದಲು ಅಲ್ಲಿಯ ಮೀನುಗಾರರ ಮನೆಗಳ ಹೆಂಗಸರನ್ನು ಮಾತಾಡಿಸು. ಯಾವ ಜಾಗ ಆಗುತ್ತದೆ, ಯಾವುದು ಆಗದು ಎಂದು ಅವರೇ ಹೇಳುತ್ತಾರೆ. ಪೊಲೀಸ್ ಠಾಣೆಗೂ ತಿಳಿಸಿರಿ. ಹಗಲು ಹೊತ್ತು ಕಳೆಯಲು ಹೊನ್ನಾವರದ ಹತ್ತಿರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ದಂಡೆಗಳಿವೆ. 2020ರಲ್ಲಿ ಇವೆರಡಕ್ಕೂ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂತು. ಆ ಮನ್ನಣೆ ಸಿಗಬೇಕಾದರೆ ಶೌಚಾಲಯ, ಕಾವಲುಗಾರರು ಎಲ್ಲ ಇರಲೇಬೇಕು.

ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಏರಿಗೂ ಇನ್ನೊಂದಕ್ಕೂ ಸುಮಾರು ಹನ್ನೆರಡೂವರೆ ತಾಸು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರು ಹೆಚ್ಚು. ಸಂಜೆ ಒಣಗಿದ್ದ ಉಸುಕಿನಲ್ಲಿ ಬಿಟ್ಟ ಗಾಡಿಯ ಗಾಲಿ ನಡುರಾತ್ರಿ ನೀರಿನಲ್ಲಿರುತ್ತದೆ. ಆದ್ದರಿಂದ ಗಾಡಿಯನ್ನು ಉಸುಕಿಗೆ ಇಳಿಸಲೇಬೇಡಿ. ಚಳಿಗಾಲದ ರಾತ್ರಿ ಹೊನ್ನಾವರದ ಕಡೆ ಕಡಲಾಮೆಗಳು ಅದೇ ಉಸುಕಿಗೆ ಮೊಟ್ಟೆಯಿಡಲು ಬರುತ್ತವೆ. ಪಾಪ, ಅವೂ ಬಾಣಂತನಕ್ಕೆ ಬಂದವು.

ನೀರಿಗಿಳಿಯುವ ಮಾತು ಗಟ್ಟಿಯಾಗಿ ಹೇಳಬೇಕು. ಭೀಮಾ ಹೊಳೆಯಲ್ಲಿ ಈಜು ಕಲಿತ ಧೈರ್ಯ ಅಲ್ಲಿ ನಡೆಯದು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹುಡುಗಿಯರು ಮುಳುಗಿ ಸತ್ತರು. ತೆರೆ ಒಡೆಯದೆ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುವ ಜಾಗವೇ ಎಷ್ಟೋ ಸಲ ಒಳಕ್ಕೆ ಸೆಳೆಯುವ ಜಾಗ. ಸೆಳೆತಕ್ಕೆ ಸಿಕ್ಕವರು ದಂಡೆಯ ಕಡೆಗೆ ಗುದ್ದಾಡದೆ ಅಡ್ಡಕ್ಕೆ ಈಜಿ ಅದರಿಂದ ಪಾರಾಗಬೇಕು. ನಾವು ಸೀರೆಯವರು ಪಾದ ಮುಳುಗುವಷ್ಟರಲ್ಲೇ ನಿಲ್ಲೋಣ. ಒದ್ದೆ ಸೀರೆಯ ಭಾರ ಹೊಲದಲ್ಲಿ ದುಡಿದವರಿಗೆ ಗೊತ್ತು. ಒಂದು ಮಗುವಿಗೆ ಒಬ್ಬರು ಎಂದು ಹೆಸರು ಹಿಡಿದು ಜವಾಬ್ದಾರಿ ಕೊಡಿ. "ಎಲ್ಲಾರೂ ನೋಡ್ತಿರ್ರಿ" ಎಂದರೆ ಯಾರೂ ನೋಡುವುದಿಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಶೇಂಗಾ ಹೋಳಿಗೆ ಎಲ್ಲ ನಿನಗೆ ಗೊತ್ತಿದ್ದದ್ದೇ. ಒಂದೇ ಒಂದು ಬಿಸಿ ಅಡುಗೆ ಹೇಳುತ್ತೇನೆ, ಅದೂ ನಿಮ್ಮೂರಿನ ಹೆಸರಿನದೇ, ಮಟಕಿ ಕಾಳಿನ ಉಸಳಿ. ಹೊರಡುವ ದಿನ ನಸುಕಿನಲ್ಲಿ ಎರಡು ಬಟ್ಟಲು ಮಟಕಿ (ಮಡಕಿ) ಕಾಳನ್ನು ಡಬ್ಬಿಯಲ್ಲಿ ನೀರು ಹಾಕಿ ನೆನೆಯಿಡು. ಸಂಜೆ ಹುಬ್ಬಳ್ಳಿಯಲ್ಲಿ ನೀರು ಬಸಿದು, ಒದ್ದೆ ಧೋತರದ ತುಂಡಿನಲ್ಲಿ ಕಟ್ಟಿ ಗಾಡಿಯೊಳಗೆ ತೂಗು ಹಾಕು, ಬಟ್ಟೆ ಒಣಗಿದಾಗ ನೀರು ಚಿಮುಕಿಸು. ಮರುದಿನ ಘಟ್ಟ ಇಳಿಯುವಷ್ಟರಲ್ಲಿ ದಾರಿಯಲ್ಲೇ ಮೊಳಕೆ ಬಂದಿರುತ್ತದೆ. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಹೆಚ್ಚಿದ ಉಳ್ಳಾಗಡ್ಡಿ, ಅರಿಶಿನ, ಖಾರಪುಡಿ ಹಾಕಿ, ಕಾಳು ಸುರಿದು, ಕಾಳಿನಷ್ಟೇ ನೀರು ಬಿಟ್ಟು ಮುಚ್ಚು. ಕಾಲು ತಾಸಿಗೆ ಬೇಯುತ್ತದೆ. ಉಪ್ಪು, ಚೂರು ಬೆಲ್ಲ, ಶೇಂಗಾ ಪುಡಿ ಹಾಕಿ ಇಳಿಸಿ ಲಿಂಬೆ ಹಿಂಡು. ಇದನ್ನು ಮಧ್ಯಾಹ್ನವೇ ಮಾಡಿ ಮುಗಿಸು. ಉಳಿದದ್ದು ಸಂಜೆ ರೊಟ್ಟಿಗೆ ತಣ್ಣಗೇ ಆಗುತ್ತದೆ.

ಊರಿಗೆ ಬಂದ ಮೇಲೆ ಅತ್ತೆಯವರು ಏನಂದರು ಎಂದು ನನಗೆ ಬರೆ.