ಬೇಲಿ ನೆಟ್ಟರೆ ಸಾಲದು, ಕತ್ತರಿಯೂ ಆಡಬೇಕು

‘ಬೇಗ ಬೆಳೆಯುವ ಬೇಲಿ ಗಿಡ ಕೊಡಿ’ ಎಂದರೆ ಹಲವು ನರ್ಸರಿಗಳಲ್ಲಿ ಇಂದಿಗೂ ಕೈಗೆ ಬರುವುದು ಕೊನೊಕಾರ್ಪಸ್. ಪರಾಗದಿಂದ ಕೆಮ್ಮು, ಅಸ್ತಮಾ ಬರುತ್ತದೆ, ಬೇರು ಪೈಪು–ಚರಂಡಿ ಹಾಳುಮಾಡುತ್ತದೆ ಎಂಬ ಕಾರಣಕ್ಕೆ ಗುಜರಾತ್ ಸರ್ಕಾರ 2023ರಲ್ಲೇ ಇದನ್ನು ನೆಡುವುದನ್ನು ನಿಷೇಧಿಸಿತು. ಲಂಟಾನವೂ ಅಂದಕ್ಕೆಂದೇ ಈ ದೇಶಕ್ಕೆ ಬಂದದ್ದು. ಈಗ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಹುಲ್ಲಿನ ಜಾಗವನ್ನೂ ನುಂಗುತ್ತಿದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ತಪ್ಪಿರುವುದು ನಾವು ಕೇಳುವ ಪ್ರಶ್ನೆಯಲ್ಲಿ. ಯಾವ ಗಿಡ ಬೇಗ ಬೆಳೆಯುತ್ತದೆ ಎಂದು ಕೇಳುತ್ತೇವೆ. ಅದನ್ನು ವರ್ಷಕ್ಕೆರಡು ಸಲ ಕತ್ತರಿಸುವವರು ಯಾರು ಎಂದು ಕೇಳುವುದಿಲ್ಲ. ಬೇಗ ಬೆಳೆಯುವ ಗಿಡಕ್ಕೆ ಕತ್ತರಿಯೂ ಬೇಗ ಬೇಗ ಬೇಕು.

ಗಿಡಗಳಿಗೆ ನಮ್ಮಲ್ಲಿ ಬರವಿಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ, ಆದರೆ ಆಡುಸೋಗೆಗೆ ಆಡು ಸಾಮಾನ್ಯವಾಗಿ ಬಾಯಿ ಹಾಕದು. ಲಕ್ಕಿಯನ್ನೂ ದನ ಮೇಯುವುದು ಕಡಿಮೆ. ಎರಡೂ ಕಡ್ಡಿ ಊರಿದರೆ ಚಿಗುರುತ್ತವೆ, ಪಕ್ಕದ ಮನೆಯಲ್ಲಿ ಕೇಳಿದರೆ ಪುಕ್ಕಟೆ ಸಿಗುತ್ತವೆ. ಗೋರಂಟಿ ಬಿಸಿಲು ತಡೆಯುತ್ತದೆ, ಕತ್ತರಿಸಿದಷ್ಟೂ ಕವಲೊಡೆಯುತ್ತದೆ. ಮುಳ್ಳೇ ಬೇಕೆಂದರೆ ಕವಳೆ ಇದೆ. ಬೆಳೆಯುವುದು ನಿಧಾನ, ಆದರೆ ಉಪ್ಪಿನಕಾಯಿಗೆ ಕಾಯಿ ಕೊಡುತ್ತದೆ. ಗೊಬ್ಬರದ ಗಿಡದ ಸೊಪ್ಪು ತೋಟಕ್ಕೆ ಒಳ್ಳೆಯದು. ಆದರೆ ಬುಡ ಬೋಳಾಗುವುದರಿಂದ ಅದೊಂದನ್ನೇ ನಂಬಬಾರದು, ನಡುನಡುವೆ ಆಡುಸೋಗೆ ಇರಲಿ. ಕಳ್ಳಿಯ ಹಾಲು ಕಣ್ಣಿಗೆ ಅಪಾಯ, ಮಕ್ಕಳಾಡುವ ಅಂಗಳಕ್ಕೆ ಅದು ಬೇಡ.

ಮುಂಗಾರು ಹಿಡಿದ ಮೇಲೆ ನೆಡಿ. ಎರಡು ಸಾಲು ಮಾಡಿ, ಒಂದೊಂದು ಅಡಿ ಅಂತರದಲ್ಲಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ. ಬಹಳ ಜನ ಹಿಂಜರಿಯುವುದು ಮುಂದಿನ ಹೆಜ್ಜೆಗೆ: ಗಿಡ ಮೊಣಕಾಲೆತ್ತರ ಬಂದ ಕೂಡಲೇ ತುದಿ ಚಿವುಟಬೇಕು. ಎತ್ತರಕ್ಕೆ ಹೋಗಲು ಬಿಟ್ಟರೆ ಕೆಳಗೆ ಕೋಳಿ, ನಾಯಿ ನುಸುಳಲು ದಾರಿಯಾಗುತ್ತದೆ. ಆಮೇಲೂ ಬುಡ ಅಗಲ, ತಲೆ ಕಿರಿದಾಗುವಂತೆ ಕತ್ತರಿಸಿದರೆ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ. ಸತ್ತ ಗಿಡದ ಜಾಗಕ್ಕೆ ಮರು ಮಳೆಗಾಲದಲ್ಲೇ ಹೊಸ ಕಡ್ಡಿ ಊರಿ.

ಇನ್ನೊಂದು ಮಾತು. ಬೇಲಿಯ ಆಚೆ ಬದಿ ಪಕ್ಕದವರ ಜಾಗದಲ್ಲಿರುತ್ತದೆ. ಹೀಗೆ ಚಾಚಿದ ಕೊಂಬೆಯ ಜಗಳ ಪಂಚಾಯಿತಿ ಕಟ್ಟೆ ದಾಟಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ್ದನ್ನು ವರದಿಗಾರರೆಲ್ಲ ಕಂಡಿದ್ದೇವೆ. ಗಡಿಯಿಂದ ಎರಡಡಿ ಒಳಗೆ ನೆಟ್ಟರೆ ಆಚೆ ಬದಿಯನ್ನೂ ನಾವೇ ಕತ್ತರಿಸಬಹುದು.

ಕತ್ತಿ ಹಿಡಿಯುವ ಹುಡುಗರು ಬೆಂಗಳೂರು ಸೇರಿದ್ದಾರೆ, ತಂತಿಯೇ ಸಲೀಸು ಎನ್ನುವವರ ಕಷ್ಟ ಸುಳ್ಳಲ್ಲ. ಆದರೆ ತಂತಿ ಸೊಪ್ಪು ಕೊಡದು, ಗುಬ್ಬಚ್ಚಿಗೆ ನೆರಳಾಗದು. ಸಾಗುವಾನಿ, ಹೆಬ್ಬೇವು ಬೆಳೆಸುವ ಅರಣ್ಯ ಇಲಾಖೆಯ ನರ್ಸರಿಗಳು ಕವಳೆ, ಲಕ್ಕಿಗೂ ನಾಲ್ಕು ಮಡಿ ಬಿಡಲಿ. ನಾವು ವರ್ಷಕ್ಕೆ ಎರಡು ಭಾನುವಾರ ಬಿಡೋಣ.